ಇದ್ದದ್ದೋ, ಆದದ್ದೋ

ಹೈಸ್ಕೂಲ್ ವಿಜ್ಞಾನದ ಪುಸ್ತಕದಲ್ಲಿ ಅಕ್ಕಪಕ್ಕ ಎರಡು ಚಿತ್ರ ಇರುತ್ತಿದ್ದವು, ನೆನಪಿದೆಯಾ? ಒಂದು ಇಟ್ಟಿಗೆ ಥರ ಚೌಕಾಕಾರದ ಸಸ್ಯಕೋಶ. ಇನ್ನೊಂದು ಕೈಯಲ್ಲಿ ಅದುಮಿಟ್ಟ ಚಪಾತಿ ಹಿಟ್ಟಿನ ಉಂಡೆಯಂಥ ಪ್ರಾಣಿಕೋಶ. ಒಳಗೆ ಕೋಶಕೇಂದ್ರ, ಮೈಟೊಕಾಂಡ್ರಿಯ, ಗಾಲ್ಗಿ ಸಂಕೀರ್ಣ, ಲೈಸೋಸೋಮ್, ರಸದಾನಿ. ಎಲ್ಲಕ್ಕೂ ಸೇರಿ ಕಣದಂಗಗಳು ಅಂತ ಹೆಸರು. ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ನಾಲ್ಕು ಅಂಕ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಅದನ್ನು ಬರೆಯುತ್ತಿದ್ದ ನಿರಾಳತೆ ನೋಡಿದರೆ, ಜೀವಕೋಶ ಅನ್ನೋದು ಹುಟ್ಟುವಾಗಲೇ ಗೆರೆ, ಹೆಸರು ಸಮೇತ ಹುಟ್ಟಿರಬೇಕು ಅನ್ನಿಸುತ್ತಿತ್ತು.

ಆದರೆ ಆ ಚಿತ್ರಕ್ಕೆ ವಯಸ್ಸು ಎಷ್ಟು ಗೊತ್ತಾ? ಹೆಚ್ಚುಕಡಿಮೆ ನಮ್ಮ ಅಪ್ಪಂದಿರಷ್ಟು. ಲೈಸೋಸೋಮ್‌ಗೆ ನಾಮಕರಣ ಆಗಿದ್ದು 1955ರಲ್ಲಿ. ಮೈಟೊಕಾಂಡ್ರಿಯ ಅಂದ ಕೂಡಲೇ ನಾವೆಲ್ಲ ನಿದ್ದೆಗಣ್ಣಲ್ಲೂ ಹೇಳುವ 'ಜೀವಕೋಶದ ಪವರ್‌ಹೌಸ್' ಅನ್ನೋ ಮಾತು ಪ್ರಸಿದ್ಧವಾಗಿದ್ದು ಫಿಲಿಪ್ ಸೀಕೆವಿಟ್ಜ್ 1957ರಲ್ಲಿ 'ಸೈಂಟಿಫಿಕ್ ಅಮೆರಿಕನ್'ಗೆ ಬರೆದ ಲೇಖನದ ತಲೆಬರಹದಿಂದ. ಇನ್ನು ಪೇರಿಸಿಟ್ಟ ದೋಸೆ ಥರ ಬರೆಯುತ್ತಿದ್ದೆವಲ್ಲ, ಗಾಲ್ಗಿ ಸಂಕೀರ್ಣ? ಅದು ನಿಜವಾಗಿ ಇದೆಯೋ ಇಲ್ಲವೋ ಅಂತ ವಿಜ್ಞಾನಿಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳ ಆಡಿದ್ದಾರೆ. ಇಲ್ಲವೇ ಇಲ್ಲ ಅಂತ ಬರೆದವರಲ್ಲಿ ಇಬ್ಬರಿಗೆ ಆಮೇಲೆ ನೊಬೆಲ್ ಬಂತು. ಯಾತಕ್ಕೆ ಅಂದರೆ ಜೀವಕೋಶದ ಒಳಗೆ ಏನೇನಿದೆ ಅಂತ ತೋರಿಸಿಕೊಟ್ಟಿದ್ದಕ್ಕೆ!

ಈ ಜಗಳದ ಕತೆ ನನಗೆ ಯಾಕೆ ಇಷ್ಟ ಅಂದರೆ, ಅದು ನಮ್ಮ ಕೆಲಸದಲ್ಲಿ ದಿನಾ ಆಗೋ ಜಗಳ. ಪ್ರೊಡಕ್ಷನ್‌ನಲ್ಲಿ ಒಂದು ಬಗ್ ಬರುತ್ತೆ. ಹಿಡಿಯೋಣ ಅಂತ ನಾಲ್ಕು ಲಾಗ್ ಲೈನ್ ಸೇರಿಸಿದರೆ ಬಗ್ ಮಾಯ, ಅಥವಾ ಬೇರೆಯದೇ ಒಂದು ಪ್ರತ್ಯಕ್ಷ. ಈಗ ಕಾಣುತ್ತಿರೋದು ಮೊದಲೇ ಇದ್ದದ್ದೋ, ಇಲ್ಲ ನಾವು ನೋಡೋಕೆ ಹೋಗಿ ಆದದ್ದೋ? ನಮಗಾದರೆ ಲಾಗ್ ತೆಗೆದು ಮತ್ತೆ ರನ್ ಮಾಡಿ ನೋಡೋ ಅವಕಾಶ ಇದೆ. ಜೀವಕೋಶದ ಒಳಗೆ ಇಣುಕಿದವರಿಗೆ ಆ ಸೌಲಭ್ಯ ಇರಲಿಲ್ಲ. ಬದುಕಿರುವ ಕೋಶದ ಒಳಗೆ ಬಹುಪಾಲು ಎಲ್ಲವೂ ನೀರಿನ ಹಾಗೆ ಪಾರದರ್ಶಕ, ಕಣ್ಣಿಗೆ ಏನೂ ಸಿಗಲ್ಲ. ಕಾಣಬೇಕು ಅಂದರೆ ಕೋಶವನ್ನು ಕೊಲ್ಲಬೇಕು, ರಾಸಾಯನಿಕದಲ್ಲಿ ನೆನೆಸಬೇಕು, ತೆಳ್ಳಗೆ ಹೆಚ್ಚಬೇಕು, ಬಣ್ಣ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕಂಡದ್ದನ್ನ ನಂಬೋದು ಹೇಗೆ?

ಕತೆ ಶುರುವಾಗೋದು ಒಂದು ಅಡುಗೆಮನೆಯಲ್ಲಿ. ಕ್ಯಾಮಿಲೊ ಗಾಲ್ಗಿ ಉತ್ತರ ಇಟಲಿಯ ಬೆಟ್ಟದ ಹಳ್ಳಿ ಕೊರ್ಟೆನೊದವನು. (ಆ ಊರಿಗೆ ಈಗ ಕೊರ್ಟೆನೊ ಗಾಲ್ಗಿ ಅಂತಲೇ ಹೆಸರು.) ಓದಿ ಡಾಕ್ಟರಾದ ಮೇಲೆ ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸೊ ಅನ್ನೋ ಊರಿನಲ್ಲಿ, ವಾಸಿಯಾಗದ ರೋಗಿಗಳನ್ನಿಡುವ ಆಸ್ಪತ್ರೆಯಲ್ಲಿ ಕೆಲಸ. ಪ್ರಯೋಗಾಲಯ ಇಲ್ಲ. ಅಲ್ಲಿದ್ದ ಒಂದು ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡ. ಮಿದುಳಿನ ತುಣುಕುಗಳನ್ನು ಪೊಟ್ಯಾಶಿಯಂ ಡೈಕ್ರೋಮೇಟ್‌ನಲ್ಲಿ ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿದಾಗ ಕೆಲವೇ ಕೆಲವು ನರಕೋಶಗಳು ಬೇರಿನಿಂದ ತುದಿವರೆಗೆ ಕಪ್ಪಾಗಿ, ಹಳದಿ ಹಿನ್ನೆಲೆಯಲ್ಲಿ ಮಸಿಯಲ್ಲಿ ಬರೆದ ಮರದ ಹಾಗೆ ಎದ್ದು ಕಂಡವು. 1873ರಲ್ಲಿ ಇದನ್ನು ಪ್ರಕಟಿಸಿದ. 'ಕಪ್ಪು ಕ್ರಿಯೆ' ಅಂತ ಇದಕ್ಕೆ ಹೆಸರು. ಎಲ್ಲ ಕೋಶವೂ ಕಪ್ಪಾಗಿದ್ದರೆ ಬರೀ ಕತ್ತಲೆ ಕಾಣುತ್ತಿತ್ತು. ನೂರರಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಣ್ಣ ಹಿಡಿಯುತ್ತಿದ್ದದ್ದೇ ಈ ವಿಧಾನದ ಶಕ್ತಿ.

ಅದೇ ಗಾಲ್ಗಿ 1898ರಲ್ಲಿ, ಆಗ ಪಾವಿಯಾ ವಿಶ್ವವಿದ್ಯಾಲಯದಲ್ಲಿದ್ದ, ಗೂಬೆಯ ಕಿರುಮಿದುಳಿನ ದೊಡ್ಡ ನರಕೋಶಗಳನ್ನು ಸ್ವಲ್ಪ ಬದಲಾಯಿಸಿದ ಪಾಕದಲ್ಲಿ ನೋಡುವಾಗ ಕೋಶದ ಒಳಗೆ ಒಂದು ಬಲೆ ಕಂಡಿತು. ಕೋಶಕೇಂದ್ರದ ಸುತ್ತ ಹೆಣೆದಂಥ ಕಪ್ಪು ಎಳೆಗಳು. ಅದಕ್ಕೆ 'ಒಳಗಿನ ಜಾಲರಿ' ಅನ್ನುವ ಅರ್ಥದ ಹೆಸರಿಟ್ಟ. ಜರ್ಮನಿಯಲ್ಲಿ ಕಾರ್ಲ್ ಬೆಂಡಾ ದಾರದಂಥ ಕಣಗಳಿಗೆ ಮೈಟೊಕಾಂಡ್ರಿಯಾನ್ ಅಂತ ಹೆಸರಿಟ್ಟಿದ್ದೂ ಅದೇ ವರ್ಷ. ಮೈಟೊಕಾಂಡ್ರಿಯಕ್ಕೆ ಅಷ್ಟು ತೊಂದರೆ ಆಗಲಿಲ್ಲ, ಬದುಕಿರುವ ಕೋಶದಲ್ಲೂ ಅದನ್ನು ಹೇಗೋ ನೋಡಬಹುದಿತ್ತು. ಗಾಲ್ಗಿಯ ಬಲೆಗೆ ಆ ಭಾಗ್ಯ ಇರಲಿಲ್ಲ. ಬೆಳ್ಳಿಯೋ ಆಸ್ಮಿಯಂ ಅನ್ನೋ ಲೋಹವೋ ತಾಗಿದರೆ ಮಾತ್ರ ಪ್ರತ್ಯಕ್ಷ. ಒಬ್ಬರಿಗೆ ಬಲೆ, ಇನ್ನೊಬ್ಬರಿಗೆ ಚೂರುಚೂರು ತಟ್ಟೆ, ಮತ್ತೊಬ್ಬರಿಗೆ ಗುಳ್ಳೆ. ಒಂದೇ ಪಾಕ ಇವತ್ತು ಬಂದರೆ ನಾಳೆ ಕೈಕೊಡುತ್ತಿತ್ತು. ಸಸ್ಯಕೋಶದಲ್ಲಂತೂ ಬಲೆಯೇ ಇಲ್ಲ, ಅಲ್ಲಲ್ಲಿ ಚದುರಿದ ಪುಡಿತಟ್ಟೆಗಳು. ಅವು ಪ್ರಾಣಿಕೋಶದ ಬಲೆಯ ನೆಂಟರೋ ಅಲ್ಲವೋ ಅಂತ ಮತ್ತೊಂದು ವಾದ.

ಬಿಸಿ ತುಪ್ಪ ನೋಡಿದ್ದೀರಲ್ಲ, ಒಂದೇ ಸಮ ತಿಳಿ. ಆರಿದ ಮೇಲೆ ಮರಳುಮರಳಾಗಿ ಹರಳು ಕಟ್ಟುತ್ತೆ. ಆರಿದ ತುಪ್ಪವನ್ನಷ್ಟೇ ಕಂಡವನು ಬಿಸಿ ತುಪ್ಪದಲ್ಲೂ ಹರಳು ಇದೆ ಅಂದರೆ ಹೇಗೆ? ಗಾಲ್ಗಿಯ ವಿರೋಧಿಗಳ ವಾದ ಇಷ್ಟೇ. ಕೋಶದಲ್ಲಿ ಜಿಡ್ಡಿದೆ, ಅದು ರಾಸಾಯನಿಕ ತಾಗಿ ಮುದ್ದೆಯಾಗಿದೆ, ಮುದ್ದೆಗೆ ಬೆಳ್ಳಿ ಅಂಟಿದೆ, ನೀನು ಅದನ್ನೇ ಅಂಗ ಅನ್ನುತ್ತಿದ್ದೀಯ. ಅಂದಿನ ಮೈಕ್ರೋಸ್ಕೋಪಿನಲ್ಲಿ ಇದನ್ನು ಬಗೆಹರಿಸುವುದು ಸಾಧ್ಯವೇ ಇರಲಿಲ್ಲ. ಬೆಳಕಿನಲ್ಲಿ ನೋಡುವ ಯಾವ ಮಸೂರಕ್ಕೂ ಒಂದು ಮಿಲಿಮೀಟರಿನ 5,000ದಲ್ಲಿ ಒಂದು ಭಾಗಕ್ಕಿಂತ ಹತ್ತಿರದ ಎರಡು ಗೆರೆಗಳನ್ನು ಬೇರೆ ಮಾಡಿ ತೋರಿಸಲು ಆಗುತ್ತಿರಲಿಲ್ಲ. ಗಾಲ್ಗಿಯ ದೋಸೆಗಳು ಅದಕ್ಕಿಂತ ಎಷ್ಟೋ ತೆಳು. 1906ರಲ್ಲಿ ಗಾಲ್ಗಿಗೆ ನೊಬೆಲ್ ಬಂತು ನಿಜ, ಆದರೆ ಅದು ನರಮಂಡಲದ ಕೆಲಸಕ್ಕೆ. 1926ರಲ್ಲಿ ತೀರಿಕೊಂಡಾಗ ಅವನ ಬಲೆ ಇನ್ನೂ ಕಟಕಟೆಯಲ್ಲೇ ನಿಂತಿತ್ತು.

ಇಲ್ಲಿಂದ ಬೆಲ್ಜಿಯಂನ ಲಾಂಗ್ಲಿಯೇ ಅನ್ನೋ ಹಳ್ಳಿಗೆ ಹೋಗಬೇಕು. ಆಲ್ಬರ್ಟ್ ಕ್ಲಾಡ್ ಅಲ್ಲಿ ಹುಟ್ಟಿದವನು. ಏಳು ವರ್ಷದವನಿದ್ದಾಗ ತಾಯಿ ಕ್ಯಾನ್ಸರಿನಿಂದ ಹೋದರು. ಶಾಲೆ ಅರ್ಧಕ್ಕೆ ನಿಂತಿತು, ಹುಡುಗ ಉಕ್ಕಿನ ಕಾರ್ಖಾನೆಗೆ ಸೇರಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆಗೆ ಕೆಲಸ ಮಾಡಿದ. ಯುದ್ಧದಲ್ಲಿ ದುಡಿದವರಿಗೆ ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದಿದ್ದರೂ ಕಾಲೇಜಿಗೆ ಸೇರಿಸಿಕೊಳ್ಳುವ ವಿನಾಯಿತಿ ಬಂತು. ಹಾಗಾಗಿ 1922ರಲ್ಲಿ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೀಟು. ಕೋಟಾ ವಿಚಾರದಲ್ಲಿ ಮೆರಿಟ್ ಮೆರಿಟ್ ಅಂತ ಬಾಯಿ ಬಡಿದುಕೊಳ್ಳುವ ನಮ್ಮ ಆಫೀಸಿನ ಕೆಲವರಿಗೆ ನಾನು ಈ ಸಾಲು ಓದಿ ಹೇಳೋದುಂಟು.

1929ರಲ್ಲಿ ಕ್ಲಾಡ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಬಂದ. ಕೋಳಿಯ ಒಂದು ಥರದ ಕ್ಯಾನ್ಸರ್ ಗೆಡ್ಡೆಯಿಂದ ಅದಕ್ಕೆ ಕಾರಣವಾದ ವೈರಸ್ಸನ್ನು ಬೇರ್ಪಡಿಸೋದು ಅವನ ಗುರಿ. ಮಾಡಿದ್ದೇನು? ಗೆಡ್ಡೆಯನ್ನು ಅರೆಯೋದು, ಅರೆದದ್ದನ್ನು ಸೆಂಟ್ರಿಫ್ಯೂಜಿಗೆ ಹಾಕಿ ಜೋರಾಗಿ ತಿರುಗಿಸೋದು. ಡೈರಿಯಲ್ಲಿ ಹಾಲಿನಿಂದ ಕೆನೆ ಬೇರೆ ಮಾಡುವ ಯಂತ್ರ ನೋಡಿದ್ದರೆ ತತ್ವ ಗೊತ್ತೇ ಇರುತ್ತೆ. ತಿರುಗುವಾಗ ಭಾರದ್ದು ಒಂದು ಕಡೆ, ಹಗುರದ್ದು ಇನ್ನೊಂದು ಕಡೆ. ಕೊನೆಗೆ ತಳದಲ್ಲಿ ಸಣ್ಣ ಕಣಗಳು ಸಿಕ್ಕವು, ವೈರಸ್ ಸಿಕ್ಕಿತು ಅಂದುಕೊಂಡ. ಆದರೆ ತಾಳೆ ನೋಡಲು ರೋಗವೇ ಇಲ್ಲದ ಕೋಳಿ ಭ್ರೂಣವನ್ನೂ ಹಾಗೇ ಅರೆದು ತಿರುಗಿಸಿದರೆ ಅಲ್ಲೂ ಅಂಥವೇ ಕಣಗಳು! ವೈರಸ್ ಹುಡುಕಲು ಹೋದವನ ಕೈಗೆ ಆರೋಗ್ಯವಂತ ಕೋಶದ ಒಳಗಿನ ಸಾಮಾನು ಸಿಕ್ಕಿತ್ತು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಅಂತ ಚೆಲ್ಲುತ್ತಿದ್ದರೇನೋ. ಕ್ಲಾಡ್ ವೈರಸ್ ಬದಿಗಿಟ್ಟು ಅದರ ಹಿಂದೆ ಬಿದ್ದ.

ಮೊದಲು ನಿಧಾನ ತಿರುಗಿಸಿದರೆ ದೊಡ್ಡ ಕೋಶಕೇಂದ್ರಗಳು ಕೆಳಗೆ ಕೂರುತ್ತವೆ. ಮೇಲಿನ ತಿಳಿ ತೆಗೆದು ಇನ್ನೂ ಜೋರು ತಿರುಗಿಸಿದರೆ ಮೈಟೊಕಾಂಡ್ರಿಯ. ಅದರ ಮೇಲಿನ ತಿಳಿಯನ್ನು ಮತ್ತೂ ಜೋರು ತಿರುಗಿಸಿದರೆ ಸಣ್ಣ ಕಣಗಳು, ಅವಕ್ಕೆ ಕ್ಲಾಡ್ 'ಮೈಕ್ರೋಸೋಮ್' ಅಂತ ಹೆಸರಿಟ್ಟ. ಈಗ ಪ್ರತಿ ಪಾಲನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು, ಯಾವುದರಲ್ಲಿ ಯಾವ ಕೆಲಸ ನಡೆಯುತ್ತೆ ಅಂತ. ಅಲ್ಲಿವರೆಗೆ ಕೋಶದ ಅಂಗಗಳನ್ನು ನೋಡುವವರೇ ಬೇರೆ, ಕೋಶದ ರಸಾಯನ ಅಳೆಯುವವರೇ ಬೇರೆ. ಅವರಿಬ್ಬರೂ ಒಂದೇ ಟೇಬಲ್ಲಿಗೆ ಬಂದಿದ್ದು ಈ ಅರೆಯುವ ಕೆಲಸದಿಂದ. ಹಳಬರಿಗೆ ಇದು ಸುತರಾಂ ಹಿಡಿಸಲಿಲ್ಲ. ತಲೆಮಾರುಗಳಿಂದ ನಾಜೂಕಾಗಿ ಹೆಚ್ಚಿ, ಬಣ್ಣ ಹಾಕಿ ನೋಡುತ್ತಿದ್ದುದನ್ನು ಈ ಪುಣ್ಯಾತ್ಮ ಚಟ್ನಿ ಮಾಡುತ್ತಿದ್ದಾನಲ್ಲ ಅಂತ.

ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಉಪ್ಪುನೀರಿನಲ್ಲಿ ಅರೆದರೆ ಮೈಟೊಕಾಂಡ್ರಿಯ ಒಂದಕ್ಕೊಂದು ಅಂಟಿ, ಊದಿ, ಆಕಾರ ಕೆಡುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು 1948ರಲ್ಲಿ, ಹೋಗ್‌ಬೂಮ್, ಷ್ನೈಡರ್ ಮತ್ತು ಜಾರ್ಜ್ ಪಲಾಡೆ ಅನ್ನೋ ಮೂವರಿಂದ. ಏನು ಪರಿಹಾರ? ಸಕ್ಕರೆ. ಉಪ್ಪುನೀರಿನ ಬದಲು ಗಟ್ಟಿ ಸಕ್ಕರೆ ನೀರಿನಲ್ಲಿ, ಲೀಟರಿಗೆ ಸುಮಾರು 300 ಗ್ರಾಂ ಸಕ್ಕರೆ ಹಾಕಿದ ನೀರಿನಲ್ಲಿ ಅರೆದರೆ, ಮೈಟೊಕಾಂಡ್ರಿಯ ಬದುಕಿರುವ ಕೋಶದಲ್ಲಿ ಕಾಣುವ ಹಾಗೇ ಉದ್ದುದ್ದ ಕಡ್ಡಿಗಳಾಗಿಯೇ ಉಳಿದವು. ಹೀಗೆ ಬೇರ್ಪಡಿಸಿದ ಮೈಟೊಕಾಂಡ್ರಿಯವನ್ನು ಇಟ್ಟುಕೊಂಡೇ ಅದೇ ಹೊತ್ತಿಗೆ ಯೂಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್, ಕೊಬ್ಬನ್ನು ಉರಿಸಿ ಶಕ್ತಿ ತೆಗೆಯುವ ಕ್ರಿಯೆ ನಡೆಯುವ ಜಾಗ ಇದೇ ಅಂತ ತೋರಿಸಿದರು. ಪವರ್‌ಹೌಸ್ ಅನ್ನೋ ಪದದ ಹಿಂದಿರುವ ಲೆಕ್ಕ ಇದು.

ಈ ನಡುವೆ 1945ರಲ್ಲಿ ಕ್ಲಾಡ್, ಕೀತ್ ಪೋರ್ಟರ್ ಮತ್ತು ಅರ್ನೆಸ್ಟ್ ಫುಲ್ಲಂ ಸೇರಿ ಇಡೀ ಕೋಶವೊಂದರ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಪ್ರಕಟಿಸಿದರು. ಯುದ್ಧದ ಕಾಲ, ಯಂತ್ರ ಇದ್ದದ್ದು ಇಂಕು, ಬಣ್ಣ ಮಾಡುವ ಒಂದು ಕಂಪನಿಯ ಹತ್ತಿರ. ಫುಲ್ಲಂ ಅಲ್ಲಿಯವನು. ಒಂದು ಚಿತ್ರದಲ್ಲಿ ಕೋಶ ಪೂರ್ತಿ ಹಿಡಿಯದೆ ಹಲವು ತುಣುಕುಗಳನ್ನು ತೆಗೆದು ಅಂಟಿಸಿ ಜೋಡಿಸಿದ್ದರು. ಕೋಶದ ತೆಳುವಾದ ಅಂಚಿನಲ್ಲಿ ಕಸೂತಿ ಬಟ್ಟೆಯಂಥ ಜಾಲವೊಂದು ಕಂಡಿತು. ಪೋರ್ಟರ್ ಮುಂದೆ ಅದಕ್ಕೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಅಂತ ಹೆಸರಿಟ್ಟ. ಪರೀಕ್ಷೆಯಲ್ಲಿ ಆ ಹೆಸರಿನ ಕಾಗುಣಿತಕ್ಕೆ ಬೆವರಿದ ಎಲ್ಲರೂ ಅವನನ್ನು ಒಮ್ಮೆ ನೆನೆಯಬಹುದು. ಕ್ಲಾಡ್‌ನ ಮೈಕ್ರೋಸೋಮ್ ಅನ್ನೋದು ಇದೇ ಜಾಲ ಅರೆದಾಗ ಒಡೆದು ಆದ ಚೂರುಗಳು ಅಂತ ಪಲಾಡೆ, ಸೀಕೆವಿಟ್ಜ್ 1956ರಲ್ಲಿ ತೋರಿಸಿದರು. ನೋಡಿ, 'ಆದದ್ದೋ' ಅನ್ನೋ ಪ್ರಶ್ನೆಗೆ ಇಲ್ಲಿ ಉತ್ತರ ಹೌದು, ಆದದ್ದೇ. ಆದರೆ ಚೂರು ಆದದ್ದಾದರೂ ಜಾಲ ಇದ್ದದ್ದು.

ಈಗ ಪಲಾಡೆ ವಿಷಯಕ್ಕೆ ಬರೋಣ. ಇಡೀ ಕತೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆ ಇವನ ಮೇಲೆ. ರುಮೇನಿಯಾದವನು, ವೈದ್ಯ, 1946ರಲ್ಲಿ ಅಮೆರಿಕಕ್ಕೆ ಬಂದ. ಕ್ಲಾಡ್‌ನ ಉಪನ್ಯಾಸ ಕೇಳಿ ಅವನ ಹತ್ತಿರವೇ ಸೇರಿದ. 1949ರಲ್ಲಿ ಗುರು-ಶಿಷ್ಯ ಇಬ್ಬರೂ ಸೇರಿ ಗಾಲ್ಗಿ ಸಂಕೀರ್ಣದ ಮೇಲೆ ಎರಡು ಪ್ರಬಂಧ ಬರೆದರು. ಸಾರಾಂಶ: ಅಂಥದ್ದೊಂದು ಅಂಗ ಇಲ್ಲ. ಕೋಶದ ಜಿಡ್ಡಿನ ಕಣಗಳು ಮದ್ಯಸಾರ ಮೊದಲಾದ ರಾಸಾಯನಿಕ ತಾಗಿದಾಗ ಸುರುಳಿ ಸುತ್ತಿಕೊಳ್ಳುತ್ತವೆ, ಗಾಲ್ಗಿ ಕಂಡದ್ದು ಅದನ್ನೇ. ತುಪ್ಪದ ಹರಳಿನ ವಾದವೇ, ಈ ಸಲ ಪ್ರಯೋಗಗಳ ಸಮೇತ. ಅಂದಿನ ಅತ್ಯುತ್ತಮ ಪ್ರಯೋಗಾಲಯದ ತೀರ್ಪು, ಹಾಗಾಗಿ ಮೊಕದ್ದಮೆ ಮುಗಿಯಿತು ಅಂತಲೇ ಎಷ್ಟೋ ಜನ ತಿಳಿದಿರಬೇಕು.

ಆಮೇಲೆ ಪಲಾಡೆ ಏನು ಮಾಡಿದ ನೋಡಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೋಶವನ್ನು ಕೆಡದ ಹಾಗೆ ಕಾಪಿಡೋದು ಹೇಗೆ ಅನ್ನೋದರ ಹಿಂದೆ ಬಿದ್ದ. ಆಸ್ಮಿಯಂ ದ್ರಾವಣ ಒಳಗೆ ಇಳಿಯುವ ಮುಂಚೆಯೇ ಸಾಯುತ್ತಿರುವ ಅಂಗಾಂಶ ಹುಳಿಯಾಗಿ ಒಳಗಿನ ರಚನೆ ಕೆಡುತ್ತೆ ಅಂತ ಕಂಡುಕೊಂಡು, ಹುಳಿ ಏರದ ಹಾಗೆ ತಡೆಯುವ ಲವಣ ಸೇರಿಸಿ ಪಾಕ ಹದ ಮಾಡಿದ. 1952ರಲ್ಲಿ ಪ್ರಕಟವಾದ ಆ ಪಾಕಕ್ಕೆ ಪ್ರಯೋಗಾಲಯಗಳಲ್ಲಿ ಇಟ್ಟ ಅಡ್ಡಹೆಸರು 'ಪಲಾಡೆಯ ಉಪ್ಪಿನಕಾಯಿ'. ಅದೇ ಹೊತ್ತಿಗೆ ಅತಿ ತೆಳುವಾಗಿ ಹೆಚ್ಚುವ ಯಂತ್ರಗಳೂ ಬಂದವು. ಹೀಗೆ ಹದವಾಗಿ ಕಾಪಿಟ್ಟ ಕೋಶಗಳಲ್ಲಿ ಏನು ಕಾಣಬೇಕು? 1954ರಲ್ಲಿ ಡಾಲ್ಟನ್ ಮತ್ತು ಫೆಲಿಕ್ಸ್ ಇಲಿಯ ಕೋಶಗಳಲ್ಲಿ ತೋರಿಸಿದರು: ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಚೀಲಗಳು, ಅಂಚಿನಲ್ಲಿ ಗುಳ್ಳೆಗಳು. ಗಾಲ್ಗಿ ಹೇಳಿದ್ದ ಜಾಗದಲ್ಲೇ. ಸಸ್ಯಕೋಶದ ಚದುರಿದ ಪುಡಿತಟ್ಟೆಗಳೂ ಇಂಥವೇ ಪೇರಿಕೆ ಅಂತ ಗೊತ್ತಾಯಿತು. ಪ್ರಾಣಿಕೋಶದಲ್ಲಿ ಅವು ಕೋಶಕೇಂದ್ರದ ಪಕ್ಕ ಒಂದಕ್ಕೊಂದು ಕೂಡಿಕೊಂಡು ಬಲೆಯ ಹಾಗೆ ಕಾಣುತ್ತವೆ. ಸಸ್ಯಕೋಶದಲ್ಲಿ ಒಂದೊಂದು ಪೇರಿಕೆಯೂ ಬೇರೆಬೇರೆಯಾಗಿ ಕೋಶದ ತುಂಬ ಓಡಾಡಿಕೊಂಡಿರುತ್ತೆ. ಕೋಶಭಿತ್ತಿಗೆ ಬೇಕಾದ ಪೆಕ್ಟಿನ್ ತಯಾರಾಗೋದು ಅಲ್ಲೇ. ಜಾಮ್ ಗಟ್ಟಿಯಾಗೋಕೆ ಕಾರಣವಾದ ಪೆಕ್ಟಿನ್ನೇ ಅದು.

ಪಲಾಡೆ ಬೇಕಿದ್ದರೆ ತನ್ನ ಹಳೇ ಪ್ರಬಂಧಕ್ಕೆ ಅಂಟಿಕೊಂಡು ಇನ್ನೂ ಹತ್ತು ವರ್ಷ ವಾದ ಮಾಡಬಹುದಿತ್ತು. ಹಾಗೆ ಮಾಡಿದವರು ವಿಜ್ಞಾನದಲ್ಲಿ ಕಡಿಮೆ ಇಲ್ಲ, ನಮ್ಮ ಡಿಸೈನ್ ರಿವ್ಯೂಗಳಲ್ಲಂತೂ ಕೇಳಲೇಬೇಡಿ. ಅವನು ಮಾಡಿದ್ದು, ಇಲ್ಲ ಅಂದಿದ್ದ ಅಂಗ ಏನು ಕೆಲಸ ಮಾಡುತ್ತೆ ಅಂತ ತಾನೇ ತೋರಿಸಿಕೊಟ್ಟಿದ್ದು. 1967ರಲ್ಲಿ ಜೇಮ್ಸ್ ಜೇಮಿಸನ್ ಜೊತೆ ಮಾಡಿದ ಪ್ರಯೋಗ ಈಗ ಎಲ್ಲ ಪಠ್ಯದಲ್ಲೂ ಇದೆ. ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ಕೇವಲ 3 ನಿಮಿಷ ವಿಕಿರಣ ಸೂಸುವ ಅಮೈನೋ ಆಮ್ಲ ಉಣಿಸಿದರು, ಆಮೇಲೆ ಸಾಮಾನ್ಯ ಅಮೈನೋ ಆಮ್ಲ. ಅಂದರೆ ಆ 3 ನಿಮಿಷದಲ್ಲಿ ತಯಾರಾದ ಪ್ರೋಟೀನಿಗೆ ಮಾತ್ರ ಗುರುತು ಬಿತ್ತು. ನಮ್ಮ ಭಾಷೆಯಲ್ಲಿ ಒಂದು ರಿಕ್ವೆಸ್ಟಿಗೆ ಟ್ರೇಸ್ ಐಡಿ ಹಚ್ಚಿ ಅದು ಯಾವ ಸರ್ವೀಸಿಂದ ಯಾವ ಸರ್ವೀಸಿಗೆ ಹೋಯಿತು ಅಂತ ನೋಡಿದ ಹಾಗೆ. ಶುರುವಿನಲ್ಲಿ ಗುರುತು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಮೇಲೆ. 7 ನಿಮಿಷ ಬಿಟ್ಟು ನೋಡಿದರೆ ಗಾಲ್ಗಿಯ ಅಂಚಿಗೆ ಬಂದಿದೆ. 37 ನಿಮಿಷಕ್ಕೆ ಅಲ್ಲಿಂದಾಚೆಯ ಚೀಲಗಳಲ್ಲಿ ಗಟ್ಟಿಯಾಗುತ್ತಿದೆ. 117 ನಿಮಿಷ ಆಗುವ ಹೊತ್ತಿಗೆ ಹೊರಹೋಗಲು ಸಿದ್ಧವಾದ ಪೊಟ್ಟಣಗಳಲ್ಲಿ. ತಯಾರಿಕೆ, ವಿಂಗಡಣೆ, ಪ್ಯಾಕಿಂಗ್, ರವಾನೆ. ಕೋಶದ ಅಂಚೆ ಕಚೇರಿ ಅಂತ ಗಾಲ್ಗಿ ಸಂಕೀರ್ಣವನ್ನ ಕರೆಯೋದು ಸುಮ್ಮನೆ ಅಲ್ಲ.

ಇನ್ನು ಲೈಸೋಸೋಮ್. ಇದನ್ನ ಮೊದಲು ಯಾರೂ ಕಣ್ಣಿನಿಂದ ಕಂಡದ್ದಲ್ಲ, ಲೆಕ್ಕದಲ್ಲಿ ಹಿಡಿದದ್ದು. ಬೆಲ್ಜಿಯಂನ ಲೂವೆನ್‌ನಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ 1949ರಲ್ಲಿ ಇನ್ಸುಲಿನ್ ಮತ್ತು ಲಿವರ್ ಮೇಲೆ ಕೆಲಸ ಮಾಡುತ್ತಿದ್ದ. ಪಕ್ಕದಲ್ಲಿ ಹೋಲಿಕೆಗೆ ಅಂತ ಇನ್ನೊಂದು ಕಿಣ್ವವನ್ನೂ ಅಳೆಯುತ್ತಿದ್ದರು, ಆಸಿಡ್ ಫಾಸ್ಫಟೇಸ್. ಮಿಕ್ಸಿಯಂಥ ಯಂತ್ರದಲ್ಲಿ ರುಬ್ಬಿದರೆ ಕಿಣ್ವದ ಕೆಲಸ ಪೂರ್ತಿ ಕಾಣುತ್ತಿತ್ತು. ಕ್ಲಾಡ್ ಪದ್ಧತಿಯಲ್ಲಿ ಸಕ್ಕರೆ ನೀರಿನಲ್ಲಿ ಮೆಲ್ಲಗೆ ಅರೆದರೆ ಬರೀ ಹತ್ತನೇ ಒಂದು ಪಾಲು. ಅದೇ ಮಾದರಿಗಳನ್ನು ಐದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಅಳೆದರೆ, ಏನಾಶ್ಚರ್ಯ, ಕಿಣ್ವ ಪೂರ್ತಿ ವಾಪಸ್! ಫ್ರಿಜ್ಜಿನಲ್ಲಿಟ್ಟ ಸಾಮಾನು ಕೆಡೋದು ಗೊತ್ತು, ಹೆಚ್ಚಾಗೋದು ಎಲ್ಲಾದರೂ ಉಂಟಾ? ಇದಕ್ಕಿರುವ ಒಂದೇ ಸರಳ ವಿವರಣೆ: ಕಿಣ್ವ ಪುಟ್ಟ ಚೀಲಗಳ ಒಳಗೆ ಕಟ್ಟಿಟ್ಟಿದೆ. ಮೆಲ್ಲಗೆ ಅರೆದರೆ ಚೀಲ ಉಳಿಯುತ್ತೆ, ಕಿಣ್ವ ಹೊರಗೆ ಬರಲ್ಲ. ರುಬ್ಬಿದರೆ, ಇಲ್ಲವೇ ದಿನ ಕಳೆದು ಚೀಲ ಸೋರಿದರೆ, ಬರುತ್ತೆ. ಇಂಥ ಹಲವು ಕಿಣ್ವಗಳು ಒಟ್ಟಿಗೆ ಇವೆ, ಎಲ್ಲವೂ ಏನನ್ನೋ ಅರಗಿಸುವಂಥವು ಅಂತ ಗೊತ್ತಾದಾಗ 1955ರಲ್ಲಿ ಲೈಸೋಸೋಮ್ ಅಂತ ಹೆಸರಿಟ್ಟ, ಕರಗಿಸುವ ಕಾಯ ಅಂತ ಅರ್ಥ. ಅದೇ ವರ್ಷ ಅಲೆಕ್ಸ್ ನೊವಿಕಾಫ್ ಅನ್ನೋ ಅಮೆರಿಕದ ವಿಜ್ಞಾನಿ ಆ ಚೀಲಗಳ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ತೆಗೆದ. ಕಮ್ಯುನಿಸ್ಟ್ ಬೇಟೆಯ ದಿನಗಳಲ್ಲಿ ಜೊತೆಗಾರರ ಬಗ್ಗೆ ಬಾಯಿ ಬಿಡಲಿಲ್ಲ ಅಂತ ವರ್ಮಾಂಟ್ ವಿಶ್ವವಿದ್ಯಾಲಯ 1953ರಲ್ಲಿ ಕೆಲಸದಿಂದ ಕಿತ್ತುಹಾಕಿದ್ದ ಮನುಷ್ಯ ಅವನು.

ಗಿಡಗಳ ಕಡೆಯೂ ಇದೇ ಸಕ್ಕರೆ ನೀರು ಕೆಲಸ ಮಾಡಿತು. 1967ರಲ್ಲಿ ಬ್ರೈಡನ್‌ಬಾಕ್ ಮತ್ತು ಹ್ಯಾರಿ ಬೀವರ್ಸ್ ಮೊಳೆಯುವ ಹರಳುಬೀಜವನ್ನು ಅರೆದು ತಿರುಗಿಸಿದಾಗ ಮೈಟೊಕಾಂಡ್ರಿಯಕ್ಕಿಂತ ಕೆಳಗೆ ಒಂದು ಹೊಸ ಪಟ್ಟೆ ನಿಂತಿತು. ಹರಳೆಣ್ಣೆಯನ್ನು ಸಕ್ಕರೆಯಾಗಿಸಿ ಮೊಳಕೆಗೆ ಉಣಿಸುವ ಕಿಣ್ವಗಳು ಅದರಲ್ಲಿದ್ದವು. ಗ್ಲೈಆಕ್ಸಿಸೋಮ್ ಅಂತ ಕರೆದರು. ನಮಗೆ ಈ ಕಣದಂಗ ಇಲ್ಲ. ಕೂತು ಕೂತು ಸೊಂಟದ ಸುತ್ತ ಕೂಡಿಟ್ಟ ಕೊಬ್ಬನ್ನು ಹೀಗೆ ಸಕ್ಕರೆ ಮಾಡಿಕೊಳ್ಳೋದು ನಮಗೆ ಆಗದ ಮಾತು, ಹರಳುಗಿಡಕ್ಕೆ ಆಗುತ್ತೆ.

1974ರಲ್ಲಿ ಕ್ಲಾಡ್, ಡಿ ಡ್ಯೂವ್, ಪಲಾಡೆ ಮೂವರಿಗೂ ನೊಬೆಲ್. ಪೋರ್ಟರ್‌ಗೆ ಸಿಗಲಿಲ್ಲ. ಆ ಪಟ್ಟಿಯಲ್ಲಿ ಅವನ ಹೆಸರೂ ಇರಬೇಕಿತ್ತು ಅನ್ನೋರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಮೂವರಿಗಷ್ಟೇ ಕೊಡೋದು ಅವರ ನಿಯಮ.

ಇದೆಲ್ಲ ಪರೀಕ್ಷೆಗೆ ಬರೆಯುವ ಸಂಗತಿ ಮಾತ್ರ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಪಾಂಪೆ ಅಂತ ಒಂದು ಕಾಯಿಲೆ ಇದೆ. ಡಚ್ ವೈದ್ಯ ಯೋಹಾನೆಸ್ ಪಾಂಪೆ 1932ರಲ್ಲಿ ಗುರುತಿಸಿದ್ದು. ಹುಟ್ಟಿದ ಮಗು ಹಿಟ್ಟಿನ ಗೊಂಬೆ ಥರ ಮೆತ್ತಗಿರುತ್ತೆ, ಕತ್ತು ನಿಲ್ಲಲ್ಲ, ಹೃದಯ ದಪ್ಪವಾಗುತ್ತಾ ಹೋಗುತ್ತೆ. ತೀವ್ರವಾದ ಬಗೆಯಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಬಹಳಷ್ಟು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲ್ಲ. ಸ್ನಾಯುಗಳಲ್ಲಿ ಗ್ಲೈಕೋಜನ್ ರಾಶಿ ಬೀಳುತ್ತೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. 1963ರಲ್ಲಿ ಡಿ ಡ್ಯೂವ್‌ನ ಲೂವೆನ್‌ನಲ್ಲೇ ಇದ್ದ ಹೆನ್ರಿ-ಜೆರಿ ಹೆರ್ಸ್ ಉತ್ತರ ಕೊಟ್ಟ: ಲೈಸೋಸೋಮ್ ಒಳಗೆ ಇರಬೇಕಾದ ಒಂದೇ ಒಂದು ಕಿಣ್ವ ಈ ಮಕ್ಕಳಲ್ಲಿ ಇಲ್ಲ. ಕಸ ಒಳಗೆ ಬರುತ್ತೆ, ಕರಗಲ್ಲ, ಚೀಲ ಊದುತ್ತೆ. ಗೋಷೆ ಮುಂತಾದ ಹಲವು ಕಾಯಿಲೆಗಳೂ ಇದೇ ಬಗೆಯವು ಅಂತ ಒಂದೊಂದಾಗಿ ಬಯಲಾದವು. ಲೈಸೋಸೋಮ್ ಅಂದರೆ 'ಆತ್ಮಹತ್ಯಾ ಸಂಚಿ' ಅಂತ ನಾವು ಬಾಯಿಪಾಠ ಮಾಡಿದ್ದೆವು. ಡಿ ಡ್ಯೂವ್ ಕೊಟ್ಟ ಹೆಸರೇ ಅದು, ಆದರೆ ದಿನನಿತ್ಯ ಅದು ಮಾಡೋದು ಪೌರಕಾರ್ಮಿಕರ ಕೆಲಸ. ಅವರು ಬಾರದಿದ್ದರೆ ಬೀದಿ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ.

ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಟ್ಟರೆ? ಕೊಡಬಹುದು, ಆದರೆ ಅದು ರಕ್ತದಿಂದ ಕೋಶದೊಳಕ್ಕೆ, ಅಲ್ಲಿಂದ ನೇರ ಲೈಸೋಸೋಮ್‌ಗೇ ಹೋಗಬೇಕು. ವಿಳಾಸ ಬರೆಯೋರು ಯಾರು? 1977ರಲ್ಲಿ ವಿಲಿಯಂ ಸ್ಲೈ ತಂಡ ಆ ವಿಳಾಸ ಯಾವುದು ಅಂತ ಹಿಡಿಯಿತು: ಮ್ಯಾನೋಸ್-6-ಫಾಸ್ಫೇಟ್ ಅನ್ನೋ ಒಂದು ಸಕ್ಕರೆಯ ಚೀಟಿ. ಕೋಶದಲ್ಲಿ ಆ ಚೀಟಿ ಅಂಟಿಸುವ ಜಾಗ ಗಾಲ್ಗಿ ಸಂಕೀರ್ಣ. ಪಾಂಪೆ ಕಾಯಿಲೆಗೆ 2006ರಲ್ಲಿ ಒಪ್ಪಿಗೆ ಸಿಕ್ಕ ಔಷಧಿಯನ್ನು ತಯಾರಿಸೋದು ಚೀನೀ ಹ್ಯಾಮ್‌ಸ್ಟರ್ ಅನ್ನೋ ಇಲಿಜಾತಿಯ ಪ್ರಾಣಿಯ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ. ಆ ಕೋಶಗಳ ಗಾಲ್ಗಿಯೇ ಔಷಧಿಯ ಮೇಲೆ ವಿಳಾಸ ಬರೆದು ಕಳಿಸುತ್ತೆ. 1949ರಲ್ಲಿ ಇಲ್ಲವೇ ಇಲ್ಲ ಅನ್ನಿಸಿಕೊಂಡಿದ್ದ ಅದೇ ಗಾಲ್ಗಿ.

ಔಷಧಿ ಇದೆ ಅಂದ ಮಾತ್ರಕ್ಕೆ ಸಿಗುತ್ತೆ ಅಂತಲ್ಲ. ಎರಡು ವಾರಕ್ಕೊಮ್ಮೆ ಡ್ರಿಪ್, ಜೀವನಪೂರ್ತಿ. ಪ್ರಮಾಣ ತೂಕದ ಲೆಕ್ಕದಲ್ಲಿ, ಅಂದರೆ ಮಗು ಬೆಳೆದಷ್ಟೂ ಬಿಲ್ಲೂ ಬೆಳೆಯುತ್ತೆ. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, 2022ರ ತಿದ್ದುಪಡಿ ಆದ ಮೇಲೆ, ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಇದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೂ ಇದೆ. ಜೀವನಪೂರ್ತಿಯ ಔಷಧಿಗೆ ಒಂದು ಮೊತ್ತದ ಮಿತಿ. ಆ ದುಡ್ಡು ತೀರಿದ ತಿಂಗಳು ತಂದೆತಾಯಿ ಏನು ಮಾಡಬೇಕು ಅನ್ನೋದಕ್ಕೆ ಮಿತಿ ಬರೆದವರ ಹತ್ತಿರವೂ ಉತ್ತರ ಇದ್ದಂತಿಲ್ಲ.

ತಯಾರಿಕೆ ಸುಲಭ ಆಗಲಿ ಅಂತ ಬೇರೆಬೇರೆ ದಾರಿ ಹುಡುಕುತ್ತಲೇ ಇದ್ದಾರೆ. ಗೋಷೆ ಕಾಯಿಲೆಯ ಮೊದಲ ಔಷಧಿ 1991ರಲ್ಲಿ ಬಂದಾಗ ಅದನ್ನು ತೆಗೆಯುತ್ತಿದ್ದದ್ದು ಹೆರಿಗೆ ಆಸ್ಪತ್ರೆಗಳಿಂದ ಸಂಗ್ರಹಿಸಿದ ಮಾಸಿನಿಂದ, ಒಬ್ಬ ರೋಗಿಗೆ ವರ್ಷಕ್ಕೆ ಸಾವಿರಾರು ಮಾಸು ಬೇಕಿತ್ತು. ಆಮೇಲೆ ಹ್ಯಾಮ್‌ಸ್ಟರ್ ಕೋಶ. ಗೋಷೆಯಲ್ಲಿ ಔಷಧಿ ಹೋಗಬೇಕಾದ ಕೋಶಗಳು ಹಿಡಿಯುವ ಚೀಟಿ ಬೇರೆ, ಬರಿಯ ಮ್ಯಾನೋಸ್ ಸಕ್ಕರೆ. ಹ್ಯಾಮ್‌ಸ್ಟರ್ ಕೋಶದ ಗಾಲ್ಗಿ ಅದರ ಮೇಲೆ ಬೇರೆ ಸಕ್ಕರೆಗಳನ್ನೂ ಪೋಣಿಸಿಬಿಡುವುದರಿಂದ, ತಯಾರಾದ ಮೇಲೆ ಅವನ್ನು ಕತ್ತರಿಸಿ ತೆಗೆಯಬೇಕು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನ್ನೊಂದು ಔಷಧಿ ಬಂತು, ಇಸ್ರೇಲಿನ ಒಂದು ಕಂಪನಿಯದ್ದು. ಅವರು ಬೆಳೆಸೋದು ಕ್ಯಾರೆಟ್ ಕೋಶ, ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ. ಮನುಷ್ಯನ ಕಿಣ್ವದ ಜೀನ್ ಅದರೊಳಗೆ ಸೇರಿಸಿದ್ದಾರೆ. ತಯಾರಾದ ಕಿಣ್ವ ಹೊರಗೆ ಹೋಗದೆ ರಸದಾನಿಗೆ ಹೋಗಿ ಕೂರುವ ಹಾಗೆ ವಿಳಾಸವನ್ನೂ ಬರೆದಿದ್ದಾರೆ. ರಸದಾನಿ ಅಂದರೆ ಸಸ್ಯಕೋಶದ ಚಿತ್ರದಲ್ಲಿ ಮಧ್ಯ ದೊಡ್ಡದಾಗಿ ಖಾಲಿ ಬಿಡುತ್ತಿದ್ದೆವಲ್ಲ, ಅದು. ನಮ್ಮ ಲೈಸೋಸೋಮ್ ಮಾಡುವ ಅರಗಿಸುವ ಕೆಲಸವನ್ನು ಗಿಡದಲ್ಲಿ ಬಹುಮಟ್ಟಿಗೆ ಮಾಡೋದು ಅದೇ. ಕ್ಯಾರೆಟ್ಟಿನ ರಸದಾನಿಯಲ್ಲಿ ಆ ಕಿಣ್ವದ ತುದಿಯ ಸಕ್ಕರೆಗಳು ತಾವಾಗಿಯೇ ಕತ್ತರಿಸಿಹೋಗಿ ಮ್ಯಾನೋಸ್ ಹೊರಗೆ ಕಾಣುತ್ತೆ, ಬೇರೆ ಕತ್ತರಿ ಪ್ರಯೋಗ ಬೇಕಿಲ್ಲ. ಕೋಶಗಳು ಬಲಿತ ಮೇಲೆ ಚೀಲದಿಂದ ತೆಗೆದು, ಒಡೆದು, ಕಿಣ್ವವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ.